ಅಕ್ಕಿ ತಾಟಿನ ಹೆಸರು

ಪುಣೆಯಲ್ಲಿ ಹೆಂಗಸರ ಕನ್ನಡ ಮಾಸಪತ್ರಿಕೆಯೊಂದು ನಡೆಯುತ್ತದೆ ಎಂದರೆ ಪುಣೆಯವರೇ ನಂಬುವುದಿಲ್ಲ. ಅಲ್ಲಿ ಕೆಲಸಕ್ಕೆ ಸೇರುವವರೆಗೆ ನಾನೂ ನಂಬಿರಲಿಲ್ಲ. ಕೋಥರೂಡದ ಒಂದು ಹಳೆಯ ಹೌಸಿಂಗ್ ಸೊಸಾಯಿಟಿ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕಚೇರಿ ಎಂದರೆ ಸಂಪಾದಕಿಯ ಮನೆಯ ಪಡಸಾಲೆ ಮತ್ತು ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಮೂರು ಮೇಜುಗಳಲ್ಲಿ ಒಂದು ಹೊಲಿಗೆ ಯಂತ್ರದ್ದು. ನನ್ನ ಪಾಲಿಗೆ ಬಂದದ್ದು ಅದೇ, ಹಾಗಾಗಿ ವರ್ಷಗಟ್ಟಲೆ ನಾನು ತಿದ್ದುವಾಗಲೆಲ್ಲ ಕಾಲು ತಾನಾಗಿ ಪೆಡಲ್ ತುಳಿಯುತ್ತಿತ್ತು.

ಸಂಪಾದಕಿಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಮೊದಲು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು, ನಮ್ಮ ಧಾರವಾಡದ ಕಡೆಯವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಪತ್ರಿಕೆ ಶುರುಮಾಡಿದ್ದರು. ಮಗಳು ಕಾಲೇಜಿಗೆಂದು ಹಾಸ್ಟೆಲ್ ಸೇರಿದ ವರ್ಷ ನಾನು ಮನೆಯಲ್ಲಿ ಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದೆ. ಹೊರಗೆ ಯಾವುದಾದರೂ ಕೆಲಸ ಹಿಡಿದರೆ ಬೈಗುಳ ಹಂಚಿಹೋಗುತ್ತದೆ ಎಂದು ನನ್ನ ಗಂಡ ಸಲಹೆ ಕೊಟ್ಟ. ಸಿಟ್ಟಿನಿಂದಲೇ ಅಕ್ಕೋರ ಮನೆಯ ಮೆಟ್ಟಿಲು ಹತ್ತಿದೆ.

ಅವರು ನನ್ನ ಕೈಗೆ ಓದುಗರೊಬ್ಬರು ಕಳಿಸಿದ ಅಡುಗೆ ಲೇಖನ ಕೊಟ್ಟು ತಿದ್ದಲು ಹೇಳಿದರು. ಕೊನೆಯಲ್ಲಿ, 'ಯಜಮಾನರು ಆಫೀಸಿನಿಂದ ದಣಿದು ಬಂದಾಗ ಬಿಸಿಬಿಸಿಯಾಗಿ ಬಡಿಸಿ' ಎಂದಿತ್ತು. ಅದಕ್ಕೆ ಗೀಟು ಹಾಕಿದೆ.

"ತಗೀಬ್ಯಾಡ್ರಿ," ಎಂದರು ಅಕ್ಕೋರು. "ನೀವು ದಣಿದು ಬಂದಾಗ ಯಜಮಾನರಿಗೆ ಮಾಡ್ಲಿಕ್ಕೆ ಹೇಳ್ರಿ ಅಂತ ಬರೀರಿ."

ಬರೆದೆ. ಅಚ್ಚೂ ಆಯಿತು. ಮುಂದಿನ ತಿಂಗಳು ಆ ಲೇಖಕಿ ಫೋನ್ ಮಾಡಿ, ಯಜಮಾನರು ಮಾಡಿದರು, ಆದರೆ ಕಡಾಯಿ ತಿಕ್ಕಲು ತಮಗೆ ಎರಡು ದಿನ ಹಿಡಿಯಿತು, ಅದನ್ನೂ ಬರೆಯಬೇಕಿತ್ತು ಎಂದರು. ಅಕ್ಕೋರು ಅದನ್ನೂ ಬರೆಸಿದರು. ನಮ್ಮ ಪತ್ರಿಕೆ ತೀರ ಸ್ತ್ರೀವಾದಿ ಆಗುತ್ತಿದೆ ಎಂದು ಒಬ್ಬರು ಬರೆದ ಪತ್ರವನ್ನು ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಅದನ್ನು ಬೈಗುಳ ಎಂದುಕೊಂಡಿದ್ದರೋ ಬಹುಮಾನ ಎಂದುಕೊಂಡಿದ್ದರೋ, ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕಚೇರಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಅಕ್ಕೋರ ಗಂಡ, ನಿವೃತ್ತ ಇಂಜಿನಿಯರು. ಅವರನ್ನು ನಾವು ಸರ್ ಎನ್ನುತ್ತಿದ್ದೆವು. ಅವರ ಕೆಲಸ ಚಹಾ. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ, ಶುಂಠಿ ಜಜ್ಜುವ ಸಪ್ಪಳ ಕೇಳಿದರೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಇನ್ನೊಬ್ಬಳು ಪುಟ ವಿನ್ಯಾಸದ ಹುಡುಗಿ. ಬೆಂಗಳೂರಿನವಳು, ಗಂಡ ಯೆರವಡಾ ಕಡೆಯ ಐಟಿ ಪಾರ್ಕಿನಲ್ಲಿದ್ದ. ಅವಳ ಕನ್ನಡದಲ್ಲಿ ಅರ್ಧ ಇಂಗ್ಲಿಷು, ನಮ್ಮ ಕನ್ನಡದಲ್ಲಿ ಅರ್ಧ ಮರಾಠಿ. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲು ಮೊದಲ ತಿಂಗಳು ಕೈಸನ್ನೆಯೂ ಬೇಕಾಯಿತು.

ಪತ್ರಿಕೆಗೆ ಒಂದು ನಿಯಮವಿತ್ತು. ಪ್ರತಿ ಹೋಗುವುದು ಚಂದಾದಾರಳ ಹೆಸರಿಗೆ. ಮೇಲೆ ಗಂಡನ ಹೆಸರಿಲ್ಲ, ಕೇರ್ ಆಫ್ ಇಲ್ಲ, ಸೌ. ಇಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ಟಪಾಲಿನ ದಿನ. ಪ್ರೆಸ್ಸಿನಿಂದ ಬಂದ ಕಟ್ಟುಗಳನ್ನು ಬಿಚ್ಚಿ, ಒಂದೊಂದಕ್ಕೂ ಕಾಗದದ ಪಟ್ಟಿ ಸುತ್ತಿ, ವಿಳಾಸದ ಚೀಟಿ ಅಂಟಿಸಿ, ಚೀಲ ತುಂಬಿ ಅಂಚೆ ಕಚೇರಿಗೆ ಸಾಗಿಸಬೇಕು. ಕೈಗಳು ಸಾಲುತ್ತಿರಲಿಲ್ಲ. ಹಾಗೆಂದು ಒಮ್ಮೆ ಮನೆಯಲ್ಲಿ ಗೊಣಗಿದೆ.

"ನಾ ಬರ್ಲೇನ?" ಎಂದರು ಅತ್ತೆ.

ನನಗೆ ಆಶ್ಚರ್ಯವಾಯಿತು. ಬೆಳಗಾವಿ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದು ಐವತ್ತು ವರ್ಷವಾಗಿದ್ದರೂ, ಎಲ್ಲಿಗಾದರೂ ಹೋಗಬೇಕೆಂದು ತಾವಾಗಿ ಕೇಳಿದವರಲ್ಲ. ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಮಾತೂ ಅಷ್ಟೇ. ಕೇಳಿದರೆ ಉತ್ತರ, ಕೇಳದಿದ್ದರೆ ಇಲ್ಲ. ಆದರೆ ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ಪ್ರೆಸ್ಸಿನ ವಿಳಾಸದವರೆಗೆ ಓದುವವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ.

ಟಪಾಲಿನ ಮೇಜಿನ ಮುಂದೆ ಕೂತ ಅತ್ತೆ ಬೇರೆಯೇ ಹೆಂಗಸು. ಬಾಟಲಿಯ ಗೋಂದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ಅಕ್ಕೋರ ಅಡುಗೆಮನೆಗೆ ಹೋಗಿ ಮೈದಾ ಕುದಿಸಿ ಅಂಟು ಮಾಡಿಕೊಂಡು ಬಂದರು. ಅವರು ಅಂಟಿಸಿದ ಚೀಟಿ ಒಂದೂ ಸೊಟ್ಟಗಾಗಲಿಲ್ಲ. ನನ್ನದನ್ನೆಲ್ಲ ಕಿತ್ತು ಮತ್ತೆ ಅಂಟಿಸಿದರು, ಅದೂ ನನ್ನ ಕಣ್ಣೆದುರಿಗೇ. ಎರಡನೆಯ ತಿಂಗಳಿಗೆ ಅಕ್ಕೋರು ಅವರನ್ನು ಟಪಾಲ ಮಾಸ್ತರ ಎಂದು ಕರೆಯತೊಡಗಿದರು. ಮೂರನೆಯ ತಿಂಗಳಿಗೆ ಅತ್ತೆ ಸರ್ ಅವರ ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದು ಹೇಳುವಷ್ಟು ಧೈರ್ಯ ಮಾಡಿದರು. ಮನೆಯಿಂದ ಭಕ್ರಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದೆವು. ಆ ಶುಕ್ರವಾರಗಳಂದು ಅತ್ತೆ ಬೆಳಿಗ್ಗೆ ಏಳಕ್ಕೇ ಸೀರೆ ಉಟ್ಟು, ಕತ್ತರಿಯನ್ನು ಚೀಲದಲ್ಲಿಟ್ಟುಕೊಂಡು, ನನ್ನ ಸ್ಕೂಟರಿನ ಪಕ್ಕ ಬಂದು ನಿಲ್ಲುತ್ತಿದ್ದರು. ಅದನ್ನು ನೋಡಿದರೆ ನನಗೆ ತುಂಬ ಖುಷಿಯಾಗುತ್ತಿತ್ತು. ಅವರಿಗೆಂದೇ ಇದ್ದ ಜಾಗ ಆ ಟಪಾಲಿನ ಮೇಜೊಂದೇ ಎಂದು ಆಗ ತಿಳಿದಿರಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ಒಂದು ಬೇಸಿಗೆಯ ಟಪಾಲಿನ ದಿನ, ಚೀಟಿಗಳನ್ನು ಪ್ರಿಂಟ್ ಮಾಡುತ್ತಿದ್ದ ಬೆಂಗಳೂರಿನ ಹುಡುಗಿ ನನ್ನನ್ನು ಕೇಳಿದಳು. "ಮೇಡಂ, ನಿಮ್ಮ ಬ್ಯಾಂಕ್ ಪೇಪರ್ಸಲ್ಲಿ ಒಂದು ನೇಮು, ಮನೇಲಿ ಇನ್ನೊಂದು. ಹೇಗೆ?"

ಹೇಗೆ ಎಂದು ಹೇಳಿದೆ. ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಲ್ಲ, ಹೆಸರೇ. ಎಲ್ಲರಿಗೂ ಸಕ್ಕರೆ ಹಂಚುತ್ತಾರೆ. ಅವತ್ತಿನಿಂದ ಆ ಮನೆಯಲ್ಲಿ ಅವಳು ಅದೇ.

"ಸೀರಿಯಸ್ಲಿ? ಹೆಸರೇ ಚೇಂಜಾ? ನೀವು ಸುಮ್ನಿದ್ರಾ?"

ಸುಮ್ಮನಿದ್ದೆ. ಇಪ್ಪತ್ತೆರಡು ವರ್ಷದ ನನಗೆ ಹೊಸ ಹೆಸರು ಹೊಸ ಸೀರೆಯಷ್ಟೇ ಖುಷಿ ಕೊಟ್ಟಿತ್ತು. ಅಕ್ಕೋರದ್ದು ಬೇರೆ ಕಥೆ. ಅದನ್ನು ಅಡುಗೆಮನೆಯಿಂದಲೇ ಸರ್ ಹೇಳಿದರು. "ನಾ ಭಾಳ ವಿಚಾರ ಮಾಡಿ ಚಂದನ ಹೆಸರು ಬರದಿದ್ದೆರಿ. ಮರುದಿನ ಈಕಿ ಆ ಅಕ್ಕೀನ ಅನ್ನ ಮಾಡಿ ನನಗ ಬಡಿಸಿದಳು."

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಆದರೆ ಅಕ್ಕೋರಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮುಂದಿನ ಸಂಚಿಕೆಯಲ್ಲಿ ಓದುಗರಿಗೆ ಪತ್ರ ಬರೆದರು. ಅಕ್ಕಿಯ ತಾಟಿಗಿಂತ ಮೊದಲು ನಿಮ್ಮ ಹೆಸರು ಏನಿತ್ತು, ಬರೆದು ಕಳಿಸಿರಿ. ಜೂನ್ ತಿಂಗಳ ಪ್ರತಿ ನಿಮಗೆ ಆ ಹೆಸರಿನಲ್ಲೇ ಬರುತ್ತದೆ.

ಕಾರ್ಡುಗಳು ಬಂದವು, ವಾಟ್ಸಾಪಿನಲ್ಲಿ ಬಂದವು, ಒಬ್ಬಾಕೆ ಮೊಮ್ಮಗನ ಚಿತ್ರಕಲೆ ಪುಸ್ತಕದ ಹಾಳೆಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದು ಕಳಿಸಿದ್ದರು. ಒಂದೊಂದನ್ನೂ ಎರಡೆರಡು ಸಲ ಓದಿ ಪಟ್ಟಿ ಮಾಡಿದೆ. ಅತ್ತೆ ಮಾತ್ರ ಏನೂ ಬರೆದು ಕೊಡಲಿಲ್ಲ. ನಾನು ಎರಡು ಸಲ ಸೂಚಿಸಿದೆ. ಎರಡು ಸಲವೂ ಅವರು ಎದ್ದು ಹೋಗಿ ಒಗೆದ ಬಟ್ಟೆ ಮಡಚಿಟ್ಟರು.

ಅಷ್ಟು ಕಂಡರೆ ಯಾರಿಗಾದರೂ ತಿಳಿಯಬೇಕು. ನನಗೆ ತಿಳಿಯಲಿಲ್ಲ. ಪಾಪ, ಸಂಕೋಚ, ಎಂದುಕೊಂಡೆ. ಅದೇ ಭಾನುವಾರ ಬೆಳಗಾವಿಯಿಂದ ಅವರ ತಮ್ಮ ಫೋನ್ ಮಾಡಿದಾಗ ಬಾಲ್ಕನಿಗೆ ಹೋಗಿ ಮೆಲ್ಲಗೆ ಕೇಳಿದೆ, ಅತ್ತ್ಯಾರನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು.

"ನಾ ಅಂತೂ ಅಕ್ಕ ಅಂತಿದ್ದೆ," ಎಂದರು ಅವರು, ಮತ್ತೆ ಹೆಸರು ಹೇಳಿದರು. "ಅಪ್ಪ ಅಂಗಳದಾಗ ನಿಂತು ಕರದ್ರ, ಅಕ್ಕ ಹಿತ್ತಲದಿಂದ ಓ ಅಂತಿದ್ದಳು ನೋಡ್ರಿ. ಉದ್ದಕ, ಒಂದು ರಾಗ ಹಚ್ಚಿ. ಓಣಿ ತುಂಬ ಕೇಳಸ್ತಿತ್ತು."

ಓಣಿ ತುಂಬ ಕೇಳುವಂತೆ ಕೂಗುವ ಅತ್ತೆಯನ್ನು ಊಹಿಸಿಕೊಳ್ಳುವುದಕ್ಕೇ ಆಗಲಿಲ್ಲ. ಹಿತ್ತಲಿನ ಆ ಹುಡುಗಿಯನ್ನು ಅವರಿಗೆ ವಾಪಸು ಕೊಡುವ ಪುಣ್ಯ ನನ್ನದಾಗಲಿ ಎನಿಸಿತು. ಪಟ್ಟಿಯಲ್ಲಿ ಅವರ ಹೆಸರು ತೆಗೆದು ತವರಿನ ಹೆಸರು ಹಾಕಿ, ಚೀಟಿ ಅಂಟಿಸುವಾಗ ಅವರ ಕಣ್ಣಿಗೆ ಬೀಳದಂತೆ ನಾನೇ ಅಂಟಿಸಿದೆ. ಸೊಟ್ಟಗೆ.

ಆ ವರ್ಷ ಪಂಢರಪುರ ಯಾತ್ರೆಯ ಪಾಲಖಿ ಸಾಸವಡ ದಾಟುವವರೆಗೆ ಪುಣೆಯ ರಸ್ತೆಗಳೆಲ್ಲ ತುಂಬಿಹೋಗಿ ಟಪಾಲು ತಡವಾಯಿತು. ಒಂದು ಶನಿವಾರ ಕಚೇರಿಯಿಂದ ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದೆ. ಮೂವರೂ ಊಟಕ್ಕೆ ಕೂತೆವು. ಅನ್ನ ಕಲಸುತ್ತ ನನ್ನ ಗಂಡ ನಗತೊಡಗಿದ.

"ನಿಮ್ಮ ಪತ್ರಿಕಾದವರಿಗೆ ತಲಿಗಿಲಿ ಅದನೋ ಇಲ್ಲೋ? ಇವತ್ತ ಪೋಸ್ಟಮನ್ ಅಜ್ಜಿ ಹೆಸರಿಲೆ ಒಂದು ಪ್ರತಿ ತಂದಿದ್ದ. ಆಕಿ ತೀರಿಕೊಂಡು ಮೂವತ್ತು ವರ್ಷ ಆತಪಾ ಅಂತ ಹೇಳಿ ವಾಪಸ್ ಕಳಿಸಿದೆ."

"ಯಾವ ಅಜ್ಜಿ?" ಎಂದೆ.

ಅವನು ಎಡಗೈಯಿಂದ ಗೋಡೆಯ ಮೇಲಿನ ಫೋಟೋ ತೋರಿಸಿದ. ಅತ್ತೆಯ ಅತ್ತೆ. ನಾನು ಈ ಮನೆಗೆ ಬರುವ ಮೊದಲೇ ಹೋದವರು. ನನಗೆ ಅವರು ಬರೀ ಅಜ್ಜಿ, ಫೋಟೋದ ಅಜ್ಜಿ. ಅವರಿಗೊಂದು ಹೆಸರಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಆ ಹೆಸರು ಹೇಳಿ ಎಳ್ಳುನೀರು ಬಿಡುವವನು ನನ್ನ ಗಂಡ. ಆ ಹೊತ್ತಿಗೆ ನಾನು ವಡೆ ಕರಿಯುವ ಗಡಿಬಿಡಿಯಲ್ಲಿರುತ್ತಿದ್ದೆ.

ಅತ್ತೆಯ ಕಡೆ ನೋಡಿದೆ. ಪೋಸ್ಟಮನ್ ಬಂದಾಗ ಅವರು ಇದೇ ಪಡಸಾಲೆಯಲ್ಲಿ ಕೂತಿದ್ದಿರಬೇಕು, ಶನಿವಾರ ಅವರು ಅಲ್ಲೇ ಕೂತು ಕಾಯಿಪಲ್ಯ ಸೋಸುತ್ತಾರೆ. ಹಾಗಾದರೆ ಬಾಗಿಲಲ್ಲಿ ತಮ್ಮ ಹೆಸರು ಕೇಳಿದ್ದಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಗ, ಆಕೆ ಸತ್ತು ಮೂವತ್ತು ವರ್ಷವಾಯಿತು ಎಂದದ್ದನ್ನೂ ಕೇಳಿದ್ದಾರೆ.

"ಸಾರು ಹಾಕ್ಲೇನ?" ಎಂದು ಅತ್ತೆ ನನ್ನನ್ನು ಕೇಳಿದರು.

ಗಂಡ ಕೈ ತೊಳೆದು ಮಲಗಲು ಹೋದ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಕಟ್ಟೆ ಒರೆಸುತ್ತಿದ್ದರು. ತಿರುಗಲಿಲ್ಲ.

"ನಿನಗ ಯಾರ ಹೇಳಿದ್ರು ಆ ಹೆಸರು?"

"ನಿಮ್ಮ ತಮ್ಮ."

ಸ್ವಲ್ಪ ಹೊತ್ತು ಒರೆಸಿದರು. ಆಮೇಲೆ, ಐವತ್ತು ವರ್ಷದಲ್ಲಿ ಯಾರಿಗೂ ಹೇಳದ್ದನ್ನು, ಅವತ್ತಿನ ಸಾರಿನ ಬಗ್ಗೆ ಹೇಳುವಂತೆ ಹೇಳಿದರು.

"ನಮ್ಮ ಅತ್ತ್ಯಾರದೂ ಅದೇ ಹೆಸರು, ನಂದೂ ಅದೇ. ಒಂದ ಮನ್ಯಾಗ ಇಬ್ಬರು ಹೆಂಗ? ಗಂಡ ಹೆಂಡ್ತೀನ ತಾಯಿ ಹೆಸರಿಲೆ ಕರೀಲಿಕ್ಕೆ ಬರ್ತದೇನು? ನಂದು ತಗದ್ರು. ಆಗಲಿ ಅಂದೆ. ಮುಂದ ಅವರು ಹೋದ್ರು. ನೋಡು, ಅಂತಾ ದುಃಖದಾಗೂ ನನ್ನ ಮನಸ್ಸಿಗೆ ಒಂದು ಬಂತು, ಈಗರೆ ಹೆಸರು ತೆರವಾತಲ್ಲ ಅಂತ. ಆದ್ರ ಪಕ್ಷದಾಗ ಆ ಹೆಸರು ತಗೊಂಡು ಎಳ್ಳು ನೀರು ಬಿಟ್ರು. ನಾ ಇಲ್ಲೆ ಒಳಗ ಅಡಗಿ ಮಾಡ್ಲಿಕ್ಕತ್ತಿದ್ದೆ. ವರ್ಷಾ ವರ್ಷಾ ಕೇಳ್ತೀನಿ. ರೂಢಿ ಆಗ್ಯದ."

"ತಪ್ಪಾತ್ರಿ, ಅತ್ತ್ಯಾರ."

"ನಾ ಕೇಳಿದ್ನೇನು ನಿನ್ನ?" ಎಂದರು. ದನಿ ಏರಿರಲಿಲ್ಲ. "ಕೇಳಿದ್ನೇನು?"

ಅವತ್ತಿನಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ. ಮುಂದಿನ ಟಪಾಲಿನ ಶುಕ್ರವಾರ ಬೆಳಿಗ್ಗೆ ಅತ್ತೆ ಹೊರಗೆ ಹೋಗುವ ಸೀರೆ ಉಡಲಿಲ್ಲ. ಮಂಡಿ ನೋವು, ಮೂರು ಮಹಡಿ ಹತ್ತಲಾಗದು ಎಂದರು. ಕತ್ತರಿಯನ್ನು ನನ್ನ ಚೀಲದಲ್ಲಿ ತಾವೇ ಇಟ್ಟರು. ಅದನ್ನು ನೋಡಿ ನನಗೆ ಅಳು ಬಂತು. ಹೆಸರು ವಾಪಸು ಕೊಡಲು ಹೋಗಿ ಅವರಿಗಿದ್ದ ಮೇಜನ್ನೂ ಕಿತ್ತುಕೊಂಡೆನಲ್ಲ ಎಂದು.

ಕಚೇರಿಯಲ್ಲಿ ಬೇರೆ ಫಜೀತಿ ನಡೆದಿತ್ತು. ಜೂನ್ ಸಂಚಿಕೆಯ ಪ್ರತಿಗಳು ಚೀಲಗಟ್ಟಲೆ ವಾಪಸು ಬಂದಿದ್ದವು. ಹೆಂಗಸರೇನೋ ತಮ್ಮ ಹೆಸರು ಬರೆದು ಕಳಿಸಿದ್ದರು, ಆದರೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಸಾಯಿಟಿಯ ವಾಚಮನ್ನರು, ಗಂಡಂದಿರು, ಸೊಸೆಯರು, ಎಲ್ಲರೂ ಒಂದೇ ಮಾತು ಹೇಳಿದ್ದರು. ಪೋಸ್ಟಮನ್ ಅದನ್ನೇ ಮರಾಠಿಯಲ್ಲಿ ಪ್ರತಿಗಳ ಮೇಲೆ ಬರೆದಿದ್ದ, 'ಅಶೀ ಕೋಣೀ ರಾಹತ ನಾಹೀ', ಇಂಥವರು ಯಾರೂ ಇಲ್ಲಿ ವಾಸವಿಲ್ಲ. ಒಂದರ ಮೇಲೆ 'ಮನೆ ಬಿಟ್ಟು ಹೋಗಿದ್ದಾರೆ' ಎಂದಿತ್ತು. ಒಬ್ಬ ಗಂಡ ಫೋನ್ ಮಾಡಿ, ತನ್ನ ಮನೆಯ ವಿಳಾಸಕ್ಕೆ ಯಾರದೋ ಹೆಣ್ಣಿನ ಹೆಸರಿನಲ್ಲಿ ಪುಸ್ತಕ ಬಂದಿದೆ, ಹೆಂಡತಿ ಏನು ತಿಳಿದುಕೊಳ್ಳುತ್ತಾಳೆ ಎಂದು ಗಾಬರಿಯಾಗಿ ಕೇಳಿದ. ಅದು ನಿಮ್ಮ ಹೆಂಡತಿಯದೇ ಹೆಸರು ಎಂದು ಅಕ್ಕೋರು ಹೇಳಿದಾಗ ಆ ಹೆಸರನ್ನು ಇನ್ನೊಮ್ಮೆ ಹೇಳಿರಿ ಎಂದನಂತೆ.

ಬೆಂಗಳೂರಿನ ಹುಡುಗಿ ಆ ರಾಶಿಯ ನಡುವೆ ಕೂತು ನಕ್ಕೂ ನಕ್ಕೂ ಸುಸ್ತಾಗಿದ್ದಳು. ಅಕ್ಕೋರೂ ನಗುತ್ತಿದ್ದರು. ನಾನು ನಗದೆ ಕೂತದ್ದು ನೋಡಿ ಏನಾಯಿತು ಎಂದು ಕೇಳಿದರು. ಪೆಡಲ್ ತುಳಿಯುತ್ತ ಎಲ್ಲ ಹೇಳಿದೆ.

ಅಕ್ಕೋರ ನಗು ನಿಂತಿತು. "ಅವರನ್ನ ಕೇಳಿದ್ರೇನು?"

"ಇಲ್ರಿ."

"ಹಂಗಾರ ನೀವು ಬರದದ್ದೂ ಅಕ್ಕಿ ತಾಟಿನ್ಯಾಗ ಬರದಂಗ ಆತು," ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನದೂ ತಪ್ಪದ. ಹೆಸರು ಕೇಳಿದೆ, ಮನ್ಯಾಗ ಏನು ಹೇಳ್ತೀರಿ ಅಂತ ಕೇಳಲಿಲ್ಲ. ನನಗ ಅನ್ನ ಮಾಡಿ ಬಡಸ್ಲಿಕ್ಕೆ ಆತು, ಎಲ್ಲಾರಿಗೂ ಆಗ್ತದ ಅಂತ ತಿಳದೆ."

ಅವತ್ತು ಸರ್ ಹನ್ನೊಂದಕ್ಕೆ ಬದಲು ಹತ್ತೂವರೆಗೇ ಚಹಾ ತಂದರು.

ಆಮೇಲೆ ಮೂರು ವಾರ ನನ್ನ ಕೆಲಸ ಫೋನ್ ಮಾಡುವುದು. ಒಬ್ಬೊಬ್ಬರನ್ನೂ ಕೇಳಿದೆ, ನಿಮ್ಮ ಪ್ರತಿ ಇನ್ನು ಮುಂದೆ ಯಾವ ಹೆಸರಿಗೆ ಬರಬೇಕು. ಕೆಲವರು ಹಳೆಯದೇ ಬೇಕೆಂದರು, ವಾಚಮನ್ನನಿಗೆ ತಾವೇ ಹೇಳುತ್ತೇವೆ ಎಂದರು. ಕೆಲವರು ಒಲ್ಲೆ ಎಂದರು. ಒಬ್ಬಾಕೆ, ಗಂಡ ಬರೆದ ಹೆಸರೇ ತನಗೆ ಇಷ್ಟ, ಹಳೆಯದು ಸೋದರತ್ತೆ ಇಟ್ಟದ್ದು, ಆಕೆಗೂ ತನಗೂ ಎಂದೂ ಆಗಿಬಂದಿಲ್ಲ ಎಂದರು. ಇನ್ನೊಬ್ಬರು ಹೇಳಿದರು. "ಆ ಹೆಸರಿಲೆ ಕರಿಯೋವರು ಯಾರೂ ಉಳದಿಲ್ರಿ. ಟಪಾಲಿನ್ಯಾಗರೆ ಬರಲಿ." ಅವರ ಮಾತು ಬರೆದುಕೊಂಡು ನಾನು ಆ ದಿನ ಮುಂದಿನ ಫೋನ್ ಮಾಡಲಿಲ್ಲ.

ಇದೆಲ್ಲ ಮುಗಿದ ಮೇಲೆ ಅಕ್ಕೋರು ಒಂದು ಚಿಕ್ಕ ಅರ್ಜಿ ಅಚ್ಚು ಹಾಕಿಸಿದರು. ಎರಡೇ ಪ್ರಶ್ನೆ. ಪ್ರತಿ ಯಾವ ಹೆಸರಿಗೆ ಬರಬೇಕು? ಮನೆಯವರಿಗೆ ಯಾರು ಹೇಳಬೇಕು, ನೀವೋ ನಾವೋ?

ಒಂದು ಅರ್ಜಿ ಮನೆಗೆ ತಂದು ಅತ್ತೆಯ ಕನ್ನಡಕದ ಡಬ್ಬಿಯ ಕೆಳಗಿಟ್ಟೆ. ಏನೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನಗೆ ಸುಲಭವಲ್ಲ, ನನ್ನ ಗಂಡನನ್ನು ಕೇಳಿದರೆ ಹೇಳಿಯಾನು. ಆದರೂ ಇದ್ದೆ. ಆಗಸ್ಟಿನ ಶುಕ್ರವಾರ ಬಂತು, ಅತ್ತೆ ಬರಲಿಲ್ಲ. ಅರ್ಜಿ ಡಬ್ಬಿಯ ಕೆಳಗೇ ಇತ್ತು, ಖಾಲಿ. ಕಚೇರಿಯಲ್ಲಿ ನಾವು ಮೂವರೂ ಬಾಟಲಿಯ ಗೋಂದಿನಿಂದ ಸೊಟ್ಟ ಸೊಟ್ಟಗೆ ಅಂಟಿಸಿದೆವು. ಅಕ್ಕೋರು ಮಾತ್ರ ಅತ್ತೆಯ ಖುರ್ಚಿಯಲ್ಲಿ ಯಾರನ್ನೂ ಕೂರಗೊಡಲಿಲ್ಲ.

ಮನೆಯಲ್ಲಿ ಅತ್ತೆ ನನ್ನೊಡನೆ ಎಂದಿನಂತೆಯೇ ಇದ್ದರು. ಅದೇ ನನಗೆ ಹೆಚ್ಚು ಕಷ್ಟವಾದದ್ದು. ಬೈದಿದ್ದರೆ ಹಗುರವಾಗುತ್ತಿತ್ತು. ದೇವರ ಮುಂದೆ ದೀಪ ಹಚ್ಚುವಾಗ, ಭಕ್ರಿ ತಟ್ಟುವಾಗ, ನಾನು ಅವರ ಬೆನ್ನು ನೋಡುತ್ತ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವರಿಗೆ ಅದು ಒಪ್ಪುತ್ತಿತ್ತು. ಗಟ್ಟಿಯಾಗಿ ಹೇಳುವ ಹಕ್ಕು ನನಗಿರಲಿಲ್ಲ.

ಸೆಪ್ಟೆಂಬರಿನ ಶುಕ್ರವಾರ ಬೆಳಿಗ್ಗೆ ಸ್ಕೂಟರಿನ ಕೀಲಿಗೆಂದು ಚೀಲದಲ್ಲಿ ಕೈ ಹಾಕಿದೆ. ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ಅದೇ ಅರ್ಜಿ. ಮೊದಲ ಪ್ರಶ್ನೆಯ ಮುಂದೆ ಅವರ ದುಂಡು ಅಕ್ಷರದಲ್ಲಿ ತವರಿನ ಹೆಸರು. ಎರಡನೆಯದರ ಮುಂದೆ, 'ನಾನೇ ಹೇಳುತ್ತೇನೆ.'

ತಿರುಗಿ ನೋಡಿದರೆ ಅತ್ತೆ ಸೀರೆ ಉಟ್ಟು ಸ್ಕೂಟರಿನ ಪಕ್ಕ ನಿಂತಿದ್ದರು.

"ಕತ್ತರಿ ತಗೊಂಡಿಯಿಲ್ಲೋ?" ಎಂದರು.

ಮೂರು ಮಹಡಿಯನ್ನು ನಡುವೆ ಎರಡು ಕಡೆ ನಿಂತು ಹತ್ತಿದರು. ಮಂಡಿ ನೋವು ಸುಳ್ಳಾಗಿರಲಿಲ್ಲ ಎಂದು ಆಗ ತಿಳಿಯಿತು. ಅಕ್ಕೋರು ಬಾಗಿಲು ತೆರೆದು, "ಬರ್ರಿ ಟಪಾಲ ಮಾಸ್ತರ," ಎಂದರು, ಅಷ್ಟೇ. ಅತ್ತೆ ನೇರ ಅಡುಗೆಮನೆಗೆ ಹೋಗಿ ಮೈದಾ ಹುಡುಕಿದರು. ಸಂಜೆಯವರೆಗೆ ಎಲ್ಲರ ಚೀಟಿ ಅಂಟಿಸಿ, ತಮ್ಮದನ್ನು ಕೊನೆಗೆ ಅಂಟಿಸಿದರು. ಅಂಟಿಸಿದ ಮೇಲೆ ಸೆರಗಿನಿಂದ ಅದನ್ನು ಒಮ್ಮೆ ಒತ್ತಿದರು.

ಅದು ಮನೆಗೆ ಬಂದದ್ದು ಎಂಟು ದಿನದ ಮೇಲೆ, ಶನಿವಾರ. ಅವತ್ತು ನಾನು ರಜೆ ಹಾಕಿದ್ದೆ, ಕಾರಣ ಕೇಳಬೇಡಿ. ಅತ್ತೆ ಹತ್ತಕ್ಕೇ ಬಾಗಿಲ ಬಳಿ ಖುರ್ಚಿ ಹಾಕಿಕೊಂಡು ಮೆಂತ್ಯ ಸೋಸುತ್ತಿದ್ದರು. ನನ್ನ ಗಂಡ ಸೋಫಾದಲ್ಲಿ ಪೇಪರ್ ಓದುತ್ತಿದ್ದ. ಪೋಸ್ಟಮನ್ ಮೆಟ್ಟಿಲು ಹತ್ತಿ ಬಂದು ಹೆಸರು ಓದಿದ, ಅನುಮಾನದಿಂದ ಒಳಗೆ ಇಣುಕಿದ.

"ಮೀಚ್ ಆಹೇ," ಎಂದರು ಅತ್ತೆ. ನಾನೇ.

"ಪಣ ಸಾಹೇಬ ಮ್ಹಣಾಲೇ, ತ್ಯಾ ಗೇಲ್ಯಾ," ಎಂದ ಅವನು ಪಾಪ. ಸಾಹೇಬರು ಅವರು ತೀರಿಕೊಂಡರು ಎಂದಿದ್ದರಲ್ಲ.

"ಪರತ ಆಲೇ," ಎಂದರು ಅತ್ತೆ. ವಾಪಸು ಬಂದೆ.

ಅವನು ನಕ್ಕು, ಕೈಮುಗಿದು, ಪ್ರತಿ ಕೊಟ್ಟು ಹೋದ. "ಅವ್ವಾ," ಎಂದ ನನ್ನ ಗಂಡ. ಮತ್ತೇನೋ ಕೇಳಲು ಹೊರಟು ಗೋಡೆಯ ಫೋಟೋ ನೋಡಿದ, ತಾಯಿಯನ್ನು ನೋಡಿದ. ಐವತ್ತರ ಹತ್ತಿರದ ಆ ಮನುಷ್ಯನ ಮುಖ ಚಿಕ್ಕ ಹುಡುಗನದ್ದಾಯಿತು. "ನನಗ ಯಾಕ ಹೇಳಿಲ್ಲ?" ಎಂದ.

"ನೀ ಎಂದ ಕೇಳಿದಿ?" ಎಂದು ಅತ್ತೆ ಮೆಂತ್ಯದ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅವನು ಎದ್ದು ಹಿಂದೆಯೇ ಹೋದ. ಅಡುಗೆಮನೆಯಲ್ಲಿ ತಾಯಿ ಮಗ ಏನು ಮಾತಾಡಿದರೋ, ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಸ್ವಭಾವಕ್ಕೆ ಅದು ದೊಡ್ಡ ಸಾಧನೆ. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಸೋಸದ ಮೆಂತ್ಯದ ಒಂದು ಕಟ್ಟಿತ್ತು.

ಆ ಹೆಸರನ್ನು ಇಲ್ಲಿ ನಾನು ಬರೆಯುವುದಿಲ್ಲ. ಈ ಸಲ ಅತ್ತೆಯನ್ನು ಕೇಳಿದೆ. ಪತ್ರಿಕೆಯ ಪಟ್ಟಿಯಲ್ಲಿ ಇದೆಯಲ್ಲ, ಸಾಕು ಎಂದರು.

ಆ ತಿಂಗಳ ಕೊನೆಗೆ ಪಿತೃಪಕ್ಷ ಬಂತು. ಭಟ್ಟರು ಪಡಸಾಲೆಯಲ್ಲಿ ದರ್ಭೆ ಹರವಿಕೊಂಡು ಕೂತಿದ್ದರು. ನಾನು ಒಳಗೆ ವಡೆ ತಟ್ಟುತ್ತಿದ್ದೆ, ಅತ್ತೆ ಕರಿಯುತ್ತಿದ್ದರು. ಆ ವರ್ಷ ನಾನು ಕಿವಿಗೊಟ್ಟಿದ್ದೆ. ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಮುಗಿದವು. ಭಟ್ಟರು ಅಜ್ಜಿಯ ಹೆಸರು ಹೇಳಿರಿ ಎಂದರು. ನನ್ನ ಗಂಡ ಹಿಂಜರಿದ. ಭಟ್ಟರು ಮರೆತನೆಂದು ತಿಳಿದು ಮತ್ತೊಮ್ಮೆ ಕೇಳಿದರು. ಆಗ ಅವನು ಹೆಸರು ಹೇಳಿದ, ಮೆಲ್ಲಗೆ, ಅಡುಗೆಮನೆಯ ಕಡೆ ಮುಖ ಮಾಡಿ.

"ಓ," ಎಂದರು ಅತ್ತೆ. ಉದ್ದಕ್ಕೆ, ಒಂದು ರಾಗ ಹಚ್ಚಿ.

ಪಡಸಾಲೆಯಲ್ಲಿ ಮಂತ್ರ ನಿಂತಿತು. ಅತ್ತೆ ಬಾಣಲೆಯಲ್ಲಿದ್ದ ವಡೆಯನ್ನು ಮಗುಚಿ ಹಾಕಿದರು.